ಅತ್ತೆಯ ಬೆರಳು

“ಒತ್ತಿದೀನಿ ಕಣೇ! ಮಾತ್ರೆ ನುಂಗಿ, ಮೇಲೆ ನೀರು ಕುಡಿದು, ಆಮೇಲೆ ಒತ್ತಿದೀನಿ. ನನಗೇನು ಹುಚ್ಚಾ?”

“ಒತ್ತಿದ್ರೆ ಇಲ್ಲಿ ಯಾಕತ್ತೆ ‘ಇವತ್ತು ಬೇಡ’ ಅಂತ ಬಂದಿದೆ? ಶನಿವಾರ ಬೇಡ, ಭಾನುವಾರ ಬೇಡ, ಇವತ್ತೂ ಬೇಡ. ಫೋನು ಸುಳ್ಳು ಹೇಳತ್ತಾ?”

ಆಫೀಸಿಗೆ ಹೊರಟು ನಿಂತಿದ್ದ ಸೊಸೆ ಫೋನನ್ನು ಅತ್ತೆಯ ಕನ್ನಡಕದ ಎದುರಿಗೇ ಹಿಡಿದಳು. ಆಫೀಸಿನಲ್ಲಿ ಅವಳಿಗೆ ಎಲ್ಲರೂ ‘ಅಕ್ಕ’ ಅನ್ನುತ್ತಾರೆ. ಹತ್ತು ವರ್ಷದಿಂದ ಮೊಬೈಲ್ ಆ್ಯಪ್ ಬರೆಯುವ ಕೆಲಸ. ಈಗ ಬರೆಯುತ್ತಿರುವುದು ಒಂದು ಆಸ್ಪತ್ರೆಗಾಗಿ, ವಯಸ್ಸಾದವರಿಗೆ ಮಾತ್ರೆ ನೆನಪಿಸುವ ಆ್ಯಪ್. ಪರದೆಯ ಮೇಲೆ ಒಂದು ಕಾರ್ಡು, ಕಾರ್ಡಿನಲ್ಲಿ ಮಾತ್ರೆಯ ಹೆಸರು, ಅದರ ಕೆಳಗೆ ‘ತಗೊಂಡೆ’ ಎನ್ನುವ ಹಸಿರು ಬಟನ್. ಒತ್ತಿದರೆ ಕಾರ್ಡು ಹಸಿರಾಗಿ ಅಲ್ಲೇ ನಿಲ್ಲಬೇಕು. ವೈದ್ಯರು ಬೇಡವೆಂದ ದಿನ ಬೆರಳಿನಿಂದ ಕಾರ್ಡನ್ನು ಎಡಕ್ಕೆ ಸರಿಸಿದರೆ ‘ಇವತ್ತು ಬೇಡ’ ಎಂದು ಬರೆದುಕೊಂಡು ಅದು ಮಾಯವಾಗಬೇಕು. ಬಟನ್ ಅಕ್ಕನದು. ಸರಿಸುವುದು ಇನ್ನೊಬ್ಬಳದು. ಆ ಇನ್ನೊಬ್ಬಳ ಕಥೆ ಇದ್ದೇ ಇದೆ.

ಅತ್ತೆಗೆ ಎಪ್ಪತ್ತೆರಡು. ಮೂವತ್ತು ವರ್ಷ ಲೆಕ್ಕದ ಟೀಚರಾಗಿ ಮಕ್ಕಳ ಕಿವಿ ಹಿಂಡಿದವರು. ಅವರನ್ನು “ತಪ್ಪು” ಎಂದವರು ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಅಕ್ಕ ಮಾತ್ರೆಯ ಸ್ಟ್ರಿಪ್ ತಂದು ಎಣಿಸಿದಳು. ಮೂರು ಗೂಡು ಸರಿಯಾಗಿ ಖಾಲಿಯಾಗಿದ್ದವು.

“ನನ್ನೆದುರಿಗೆ ಒಂದ್ಸಲ ಒತ್ತಿ ನೋಡೋಣ,” ಎಂದು ಪರೀಕ್ಷೆಗೆ ಹೊಸ ಕಾರ್ಡೊಂದನ್ನು ತೆರೆದುಕೊಟ್ಟಳು.

ಅತ್ತೆ ತೋರುಬೆರಳು ಚಾಚಿದರು. ಎರಡು ವರ್ಷದಿಂದ ಆ ಬೆರಳಿಗೆ ಸಣ್ಣ ನಡುಕ. ಬೆರಳು ಹಸಿರಿನ ಮೇಲೇ ಕೂತಿತು, ಕೂತಲ್ಲೇ ನಡುಗಿ ಅಕ್ಕಿಕಾಳಿನಷ್ಟು ಎಡಕ್ಕೆ ಜರುಗಿತು. ಅಷ್ಟಕ್ಕೇ ಕಾರ್ಡು ಸರ್ರನೆ ಹಾರಿಹೋಯಿತು. ‘ಇವತ್ತು ಬೇಡ’ ಎಂಬ ಬೂದು ಅಕ್ಷರ ಎರಡು ಕ್ಷಣ ಮಿನುಗಿ ಅಳಿಸಿಹೋಯಿತು.

“ನೋಡು, ಆಯ್ತಲ್ಲ!” ಎಂದರು ಅತ್ತೆ, ಗೆದ್ದ ದನಿಯಲ್ಲಿ. ಕಾರ್ಡು ಹೋದರೆ ಕೆಲಸ ಮುಗಿಯಿತೆಂದೇ ಅವರು ತಿಳಿದಿದ್ದರು.

ಅಕ್ಕನಿಗೆ ತಕ್ಷಣ ಅರ್ಥವಾಯಿತು. ಆ್ಯಪು ನಡುಕವನ್ನು ಸರಿಸುವುದೆಂದು ತಿಳಿಯುತ್ತಿತ್ತು. ಸರಿಸುವುದು ಬಟನ್ನನ್ನು ನುಂಗಿಹಾಕುತ್ತಿತ್ತು. ಆಫೀಸಿನಲ್ಲಿ ಎಲ್ಲರದೂ ಎಳೆಯ, ಗಟ್ಟಿ ಬೆರಳುಗಳು. ಯಾರ ಕೈಯಲ್ಲೂ ಇದು ಸಿಕ್ಕಿಬಿದ್ದಿರಲಿಲ್ಲ. ಅರ್ಥವಾದ ಮರುಗಳಿಗೆ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸುಳ್ಳು ಯಾಕೆ ಹೇಳಬೇಕು, ಆಯಿತು.

ಈಗ ಆ ಇನ್ನೊಬ್ಬಳ ಕಥೆ. ಆರು ತಿಂಗಳ ಹಿಂದೆ ಕೆಲಸಕ್ಕೆ ಸೇರಿದವಳು. ಅವಳು ಮುಟ್ಟಿದ್ದೆಲ್ಲ ಜಾರುತ್ತದೆ, ಸರಿಯುತ್ತದೆ, ತೇಲುತ್ತದೆ ಎಂದು ಅಕ್ಕ ಮನಸ್ಸಿನಲ್ಲೇ ಅವಳಿಗೆ ‘ಜಾರುಬಂಡೆ’ ಎಂದು ಹೆಸರಿಟ್ಟಿದ್ದಳು. ಅಕ್ಕನ ಬಟನ್ನುಗಳನ್ನು ಹತ್ತು ವರ್ಷದಲ್ಲಿ ಒಬ್ಬರೂ ಹೊಗಳಿರಲಿಲ್ಲ. ಬಾಗಿಲ ಚಿಲಕವನ್ನು ಯಾರು ಹೊಗಳುತ್ತಾರೆ? ಜಾರುಬಂಡೆ ಬಂದ ಎರಡನೇ ವಾರಕ್ಕೇ ಮ್ಯಾನೇಜರು, “ಆಹಾ, ಏನು ನಯ, ಏನು ನಯ!” ಎಂದು ಅವಳನ್ನು ಅಟ್ಟಕ್ಕೇರಿಸಿದ್ದರು. ಈಗ, ಈ ಶುಕ್ರವಾರ ಆಸ್ಪತ್ರೆಯವರು ಆ್ಯಪ್ ನೋಡಲು ಬರುತ್ತಾರೆ, ಅದಾದ ಮೇಲೆ ಇಬ್ಬರಲ್ಲಿ ಒಬ್ಬರು ತಂಡದ ಮುಖ್ಯಸ್ಥೆ ಎಂದೂ ಹೇಳಿಬಿಟ್ಟಿದ್ದರು. ಆರು ತಿಂಗಳಿಂದ ಅಕ್ಕನ ಹೊಟ್ಟೆಯಲ್ಲಿ ಒಲೆ ಆರಿರಲಿಲ್ಲ.

ಮನೆಯೂ ಅವಳಿಂದ ಉಳಿಯಲಿಲ್ಲ. ಅತ್ತೆಯ ಫೋನಿಗೆ ಆ್ಯಪ್ ಹಾಕಿಕೊಡಲು ಕಳೆದ ಶುಕ್ರವಾರ ಸಂಜೆ ಜಾರುಬಂಡೆ ತಾನೇ ಬಂದಿದ್ದಳು. ಒಂದು ಗಂಟೆ ಕೂತು ಅತ್ತೆಯ ಕೈಯಲ್ಲಿ ಮಗ್ಗಿ ಹೇಳಿಸಿಕೊಂಡು, ಗೊಳ್ಳೆಂದು ನಕ್ಕು ಹೋದಳು. “ಹುಡುಗಿ ಎಂಥಾ ಚೂಟಿ! ಎಷ್ಟು ತಾಳ್ಮೆ!” ಎಂದು ಅತ್ತೆ ಎರಡು ದಿನ ಹಾಡಿದ್ದೇ ಹಾಡಿದ್ದು. ಹದಿನಾಲ್ಕು ವರ್ಷ ಜೊತೆಗಿರುವ ಸೊಸೆಗೆ ಆ ಮಾತು ಒಂದು ದಿನವೂ ಬಂದಿರಲಿಲ್ಲ.

ಹಾಗಾಗಿ ಆ ಸೋಮವಾರ ಅಕ್ಕ ಲೆಕ್ಕ ಹಾಕಿದಳು. ಈಗಲೇ ಹೇಳಿದರೆ ಜಾರುಬಂಡೆ ಅರ್ಧ ಗಂಟೆಯಲ್ಲಿ ಸರಿಮಾಡಿ, ಅದಕ್ಕೂ ಹೊಗಳಿಸಿಕೊಳ್ಳುತ್ತಾಳೆ. ಶುಕ್ರವಾರ ಆಸ್ಪತ್ರೆಯವರು ಮುದುಕರೊಬ್ಬರನ್ನು ಕರೆತಂದೇ ತರುತ್ತಾರೆ. ಎಲ್ಲರ ಕಣ್ಣೆದುರು ಕಾರ್ಡು ಹಾರಿಹೋಗಲಿ. ಅತ್ತೆಗೆ ಹೇಳುವುದೂ ಬೇಡ. ಅವರಿಗೆ ಹೇಳಿದರೆ ಆ ಹುಡುಗಿಗೆ ಫೋನು ಹೋಗದೆ ಇರುತ್ತದೆಯೇ?

“ಇರಲಿ ಬಿಡಿ ಅತ್ತೆ,” ಎಂದಳು. “ವಯಸ್ಸಾದ್ಮೇಲೆ ಹಾಗೇ. ನಾಳೆಯಿಂದ ಸ್ವಲ್ಪ ಗಮನ ಇಟ್ಟು ಒತ್ತಿ.”

ಅತ್ತೆ ಖಾಲಿ ಗೂಡುಗಳನ್ನು ಇನ್ನೊಮ್ಮೆ ಎಣಿಸತೊಡಗಿದರು.

ಆಫೀಸಿನಲ್ಲಿ ಜಾರುಬಂಡೆ ಕುರ್ಚಿಯನ್ನೇ ಉರುಳಿಸಿಕೊಂಡು ಬಂದಳು. “ಅಕ್ಕಾ, ಅತ್ತೆ ಹೇಗೆ ಬಳಸ್ತಿದಾರೆ? ಏನಾದ್ರೂ ತೊಂದ್ರೆ?”

“ಏನಿಲ್ಲ. ಚೆನ್ನಾಗೇ ಇದೆ.”

ಹೇಳುವಾಗ ಹಿಂದಿನ ತಿಂಗಳ ಒಂದು ಮಾತು ನೆನಪಾಯಿತು. “ಕಾರ್ಡು ಹೋಗೋಕೆ ಬೆರಳು ಪರದೆ ಮೇಲೆ ಎಂಟು ಚುಕ್ಕಿಯಷ್ಟು ಸರಿದ್ರೆ ಸಾಕಾ ಅಕ್ಕ, ಜಾಸ್ತಿ ಇಡ್ಲಾ?” ಎಂದು ಇದೇ ಹುಡುಗಿ ಬಂದು ಕೇಳಿದ್ದಳು. ಎಂಟು ಕಡಿಮೆಯಾಯಿತೆಂದು ಅಕ್ಕನಿಗೆ ಆಗಲೇ ಅನ್ನಿಸಿತ್ತು. “ನಿನ್ನಿಷ್ಟ,” ಎಂದು ತಲೆಯೆತ್ತದೆ ಹೇಳಿ ಕಳಿಸಿದ್ದಳು.

ಮಂಗಳವಾರ ಬೆಳಿಗ್ಗೆಯೂ ‘ಇವತ್ತು ಬೇಡ’. ಈ ಸಲ ಅತ್ತೆ ಜಗಳವಾಡಲಿಲ್ಲ. “ನಾನು ಮಾತ್ರೆ ನುಂಗಿದ್ದು ನೀನೇನಾದ್ರೂ ನೋಡಿದ್ಯಾ?” ಎಂದು ಮೆಲ್ಲಗೆ ಕೇಳಿದರು. ಅಕ್ಕ ನೋಡಿದ್ದಳು. “ಹೂಂ, ನುಂಗಿದ್ರಿ,” ಎಂದಳು. ಆದರೆ ಯಾಕೆ ಹಾಗೆ ಬರುತ್ತಿದೆ ಎಂದು ಹೇಳಲಿಲ್ಲ.

ಬುಧವಾರ ಬಟ್ಟೆ ಒಣಹಾಕುವಾಗ ಅತ್ತೆಯ ಕೋಣೆಯಿಂದ ಸಣ್ಣ ದನಿ ಕೇಳಿತು. “ಹತ್ತೊಂಬತ್ತೊಂದ್ಲಿ ಹತ್ತೊಂಬತ್ತು. ಹತ್ತೊಂಬತ್ತೆರಡ್ಲಿ ಮೂವತ್ತೆಂಟು.” ಬಾಗಿಲು ಹಾಕಿಕೊಂಡು ತಮ್ಮ ತಲೆಗೆ ತಾವೇ ಪರೀಕ್ಷೆ ಕೊಟ್ಟುಕೊಳ್ಳುತ್ತಿದ್ದರು. ಎಂಟಕ್ಕೆ ಬಂದಾಗ ದನಿ ನಿಂತಿತು. ಅಕ್ಕ ಒದ್ದೆ ಟವೆಲ್ಲು ಹಿಡಿದು ಕಾದಳು. “ನೂರಾ... ನೂರಾ ಐವತ್ತೆರಡು,” ಎಂದು ಬಂದ ಮೇಲೆ ತಾನೂ ಉಸಿರು ಬಿಟ್ಟಳು. ಎರಡೇ ದಿನ, ಎರಡು ದಿನ ಕಳೆದರೆ ಎಲ್ಲ ಸರಿಹೋಗುತ್ತದೆ ಎಂದು ಮನಸ್ಸಿಗೆ ಹೇಳಿಕೊಂಡಳು. ಮನಸ್ಸು ಒಪ್ಪಲಿಲ್ಲ, ಹೊಟ್ಟೆಕಿಚ್ಚು ಒಪ್ಪಿತು.

ಗುರುವಾರ ಬೆಳಿಗ್ಗೆ ಅಕ್ಕ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಅತ್ತೆ ಮಾತ್ರೆಯ ಡಬ್ಬಿ ಎತ್ತಿಕೊಂಡು ಬಂದು, ಅದನ್ನು ಅವಳ ಕೈಗಿಟ್ಟರು.

“ಇನ್ಮೇಲೆ ಇದು ನಿನ್ನ ಹತ್ರ ಇರ್ಲಮ್ಮ. ನೀನೇ ಕೊಡು, ನುಂಗ್ತೀನಿ. ನನಗೆ ಅರಳುಮರಳು ಶುರುವಾಗಿದೆ. ಇವತ್ತು ಬೆಳಿಗ್ಗೆ ತಗೊಂಡ್ನೋ ಇಲ್ವೋ ಅಂತ ಎರಡನೇದು ಬಾಯಿಗೆ ಹಾಕ್ಕೊಂಡಿದ್ದೆ. ಹೆದರ್ಕೊಂಡು ಉಗಿದೆ.”

ಹದಿನಾಲ್ಕು ವರ್ಷದಲ್ಲಿ ಅತ್ತೆ ಯಾವುದನ್ನೂ ಹೀಗೆ ಬಿಟ್ಟುಕೊಟ್ಟವರಲ್ಲ. ಬೀರುವಿನ ಬೀಗದ ಕೈಯಿಂದ ಹಿಡಿದು ಟಿ.ವಿ. ರಿಮೋಟಿನವರೆಗೆ ಎಲ್ಲಕ್ಕೂ ಕಾದಾಡಿದ ಹೆಂಗಸು. ಅಕ್ಕನ ಕಾಲು ಅರ್ಧ ಚಪ್ಪಲಿಯೊಳಗೇ ನಿಂತಿತು.

“ನಿಮ್ಮ ತಲೆ ಸರಿಯಾಗಿದೆ ಅತ್ತೆ. ಆ್ಯಪೇ ಸರಿಯಿಲ್ಲ. ನಿಮ್ಮ ಬೆರಳು ನಡುಗಿದ್ರೆ ಸರಿಸಿದ್ರಿ ಅಂದ್ಕೊಳ್ಳತ್ತೆ. ತಪ್ಪು ನಮ್ದು.”

ಅತ್ತೆಯ ಮುಖ ಒಂದು ಕ್ಷಣ ಅರಳಿತು. ಆಮೇಲೆ ಕನ್ನಡಕದ ಹಿಂದಿನ ಕಣ್ಣು, ಲೆಕ್ಕದ ಉತ್ತರ ಸರಿಯಿದ್ದರೂ ಬಿಡಿಸಿದ ಕ್ರಮ ತಪ್ಪಾದ ಹುಡುಗಿಯನ್ನು ನೋಡುವಂತೆ, ಅವಳ ಮೇಲೆ ನಿಂತಿತು.

“ಯಾವತ್ತು ಗೊತ್ತಾಯ್ತು ನಿನಗೆ?”

“ಸೋಮವಾರ.”

“ಇವತ್ತು ಗುರುವಾರ,” ಎಂದರು ಅತ್ತೆ. ಡಬ್ಬಿಯನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಒಳಗೆ ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಫೀಸಿನಲ್ಲಿ ಅಕ್ಕ ಚೀಲವನ್ನೂ ಇಳಿಸದೆ ಜಾರುಬಂಡೆಯ ಮೇಜಿಗೆ ಹೋಗಿ, ಬೆರಳನ್ನು ಬೇಕೆಂದೇ ನಡುಗಿಸಿ ತೋರಿಸಿದಳು. ಹುಡುಗಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. “ಅಯ್ಯೋ ದೇವ್ರೇ! ಎಂಟೇ ಚುಕ್ಕಿ ಇಟ್ಟು ಕೂತಿದೀನಲ್ಲ! ನಿಮ್ಮನ್ನ ಕೇಳಿದ್ದೆ ಬೇರೆ...” ಎಂದು ಅಲ್ಲಿಗೇ ನಿಲ್ಲಿಸಿದಳು. ದೂರಲಿಲ್ಲ. ಅದೂ ಅಕ್ಕನಿಗೆ ಚುಚ್ಚಿತು. ಇವಳಿಗೆ ಒಂದು ಕೆಟ್ಟ ಗುಣವಾದರೂ ಇರಬಾರದಿತ್ತೇ? ಸಂಜೆಯವರೆಗೆ ಇಬ್ಬರೂ ಕೂತು ತಿದ್ದಿದರು. ಬೆರಳು ಮೊದಲು ಬಟನ್ನಿನ ಮೇಲೆ ಕೂತರೆ ಕಾರ್ಡು ಅಲುಗಬಾರದು, ಎಷ್ಟೇ ನಡುಗಲಿ, ಗೆಲ್ಲುವುದು ಬಟನ್ನೇ. ಬೇರೆ ಕಡೆಯಿಂದ ಸರಿಸಿದರೂ ಅರ್ಧ ಪರದೆ ದಾಟಬೇಕು.

ಶುಕ್ರವಾರ ಆಸ್ಪತ್ರೆಯ ವೈದ್ಯೆ ಒಬ್ಬ ತಾತನನ್ನು ಕರೆತಂದರು. ಗಾಳಿಗೆ ಸಿಕ್ಕ ಎಲೆಯಂತೆ ಅದುರುವ ಕೈ. ತಾತ ಒತ್ತಿದರು, ಕಾರ್ಡು ಹಸಿರಾಗಿ ನಿಂತಿತು. “ಭಲೇ!” ಎಂದು ಅವರೇ ಮೊದಲು ಚಪ್ಪಾಳೆ ತಟ್ಟಿದರು.

“ನಡುಗೋ ಬೆರಳಿನ ತೊಂದ್ರೆ ಕಂಡುಹಿಡಿದಿದ್ದು ಅಕ್ಕ,” ಎಂದಳು ಜಾರುಬಂಡೆ ಎಲ್ಲರೆದುರು. “ಇಲ್ಲದಿದ್ರೆ ಇವತ್ತು ನನ್ನ ಮಾನ ಹೋಗ್ತಿತ್ತು.”

ಮ್ಯಾನೇಜರು ಅಲ್ಲೇ ಅಕ್ಕನನ್ನು ಮುಖ್ಯಸ್ಥೆ ಎಂದು ಘೋಷಿಸಿದರು. ಅಕ್ಕ ನಕ್ಕಳು, ಕೈಕುಲುಕಿದಳು. ಆರು ತಿಂಗಳು ಬೇಯಿಸಿದ್ದು ಬಾಯಿಗೆ ಬಂದಿತ್ತು, ರುಚಿಸಲಿಲ್ಲ.

ಮನೆಗೆ ಬಂದು ಹೇಳಿದಳು. “ಒಳ್ಳೇದಾಯ್ತು,” ಎಂದರು ಅತ್ತೆ ಸೋಸುತ್ತಿದ್ದ ಕಾಫಿಯಿಂದ ಕಣ್ಣೆತ್ತದೆ. ಕಾಫಿಯನ್ನು ಲೋಟಗಳಿಗೆ ಬಗ್ಗಿಸುತ್ತ ಕೇಳಿದರು, “ಯಾವತ್ತು ಗೊತ್ತಾಯ್ತು ಅಂತ ಆ ಹುಡುಗಿಗೆ ಹೇಳಿದ್ಯಾ?”

ಅಕ್ಕ ಚೀಲದಿಂದ ಊಟದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಅತ್ತೆ ಅವಳ ಲೋಟವನ್ನು ಎದುರಿಗಿಟ್ಟು, ತಮ್ಮದನ್ನು ಹಿಡಿದುಕೊಂಡು ಕೋಣೆಗೆ ಹೋದರು.

ಮರುದಿನ ಬೆಳಿಗ್ಗೆ ಹೊಸ ಆ್ಯಪನ್ನು ಫೋನಿಗೆ ಹಾಕಿಕೊಟ್ಟು, ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಅತ್ತೆ ಮಾತ್ರೆ ನುಂಗಿದರು, ನೀರು ಕುಡಿದರು, ಬೆರಳು ಚಾಚಿದರು. ಬೆರಳು ನಡುಗಿತು. ಕಾರ್ಡು ಅಲುಗದೆ ಹಸಿರಾಯಿತು.

“ಈಗ ಸರಿಯಾಯ್ತಲ್ಲ ಅತ್ತೆ?”

“ಆಯ್ತಮ್ಮ.”

ಫೋನನ್ನು ಮಗುಚಿಟ್ಟು ಅತ್ತೆ ಎದ್ದರು. ಗೋಡೆಯ ಕ್ಯಾಲೆಂಡರಿಗೆ ದಾರದಲ್ಲಿ ಕಟ್ಟಿದ್ದ ಪೆನ್ಸಿಲನ್ನು ಹಿಡಿದು, ನಡುಗುವ ಕೈಗೆ ಇನ್ನೊಂದು ಕೈ ಆನಿಸಿ, ಶನಿವಾರದ ಚೌಕದಲ್ಲಿ ಮಾತ್ರೆ ನುಂಗಿದ ಲೆಕ್ಕಕ್ಕೆ ಒಂದು ಸಣ್ಣ ಗೀಟು ಎಳೆದರು.