ಟೊಳ್ಳು ನೆಲ

ಮೇಸ್ತ್ರಿ ಯಾರ ಮನೆಗೆ ಹೋದರೂ ಕೂರುವ ಮೊದಲು ಒಮ್ಮೆ ಬಗ್ಗಿ, ಬೆರಳ ಗೆಣ್ಣಿನಿಂದ ನೆಲವನ್ನು ಟಕ್ ಟಕ್ ಎಂದು ಬಡಿದು ನೋಡುತ್ತಿದ್ದ. ಸದ್ದು ಗಟ್ಟಿಯಾಗಿ ಬಂದರೆ ಮುಖ ಅರಳುತ್ತಿತ್ತು. ಟೊಳ್ಳಾಗಿ ಬಂದರೆ ಮುಗಿಯಿತು, ಆಮೇಲೆ ಆ ಮನೆಯವರು ಏನು ತಂದಿಟ್ಟರೂ ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. "ಮದುವೆ ದಿನ ಇವ್ರು ತಲೆ ಬಗ್ಸಿ ನಿಂತಿದ್ದು ನೋಡಿ ಪಾಪ, ನಾಚಿಕೆ ಅಂದ್ಕೊಂಡಿದ್ದೆ. ನೆಲ ನೋಡ್ತಿದ್ರು" ಎಂದು ಅವನ ಹೆಂಡತಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು.

ಟೈಲ್ಸ್ ಹಾಸುವುದರಲ್ಲೇ ಅವನ ತಲೆ ಬೆಳ್ಳಗಾಗಿತ್ತು. ಒಳ್ಳೆಯ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೆಲ ಹಾಸುವವನ ಹಣೆಬರಹವೇ ವಿಚಿತ್ರ. ಗೋಡೆಗೆ ಬಣ್ಣ ಬಳಿದವನನ್ನು ಜನ ನೆನೆಯುತ್ತಾರೆ, ಬಾಗಿಲು ಕೆತ್ತಿದವನನ್ನು ಹೊಗಳುತ್ತಾರೆ. ನೆಲದ ಮೇಲೆ ಮಾತ್ರ ಮಂಚ ಎಳೆದುಹಾಕಿ, ಸೋಫಾ ನೂಕಿ, ಕಂಬಳಿ ಹಾಸಿ ಮರೆತುಬಿಡುತ್ತಾರೆ. ಮೇಸ್ತ್ರಿಗೆ ಇದ್ದದ್ದು ಒಂದೇ ಆಸೆ: ಯಾರ ಮಂಚವೂ ಮುಚ್ಚಲಾಗದಂಥ ಒಂದು ನೆಲವನ್ನು ಬಯಲಲ್ಲಿ ಹಾಸಬೇಕು, ಹೋಗುವವರು ಬರುವವರು ನಿಂತು ನೋಡಬೇಕು. ಮಂಡಿಗಳು ಬೇರೆ ಕೈಕೊಡಲು ಶುರುಮಾಡಿದ್ದವು. ಈಗಲ್ಲದಿದ್ದರೆ ಇನ್ನಿಲ್ಲ ಎಂದು ಅವನಿಗೂ ಗೊತ್ತಿತ್ತು.

ಆ ಆಸೆಗೆ ಬೀದಿಯ ತಿರುವಿನಲ್ಲೇ ಜಾಗ ಒದಗಿಬಂತು. ಕೊನೆಯ ಮನೆಗೂ ಹಳೆಯ ನೀರಿನ ಟ್ಯಾಂಕಿಗೂ ನಡುವೆ ಒಂದು ಖಾಲಿ ಜಾಗವಿತ್ತು. ಹಿಂದೆ ಇಡೀ ಬೀದಿಯವರು ಅಲ್ಲಿ ಕಸ ಸುರಿದು ಮೂಗು ಮುಚ್ಚಿಕೊಂಡು ಓಡುತ್ತಿದ್ದರು. ಒಂದು ದಿನ ಮೇಸ್ತ್ರಿಯ ಅಕ್ಕ ಸೆರಗು ಕಟ್ಟಿ ಇಳಿದಳು. ಅವಳು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದವಳು. ಅವಳ ದನಿಗೆ ಟಿಕೆಟ್ ತೆಗೆದುಕೊಂಡವರೂ ಜೇಬು ತಡವಿಕೊಳ್ಳುತ್ತಿದ್ದರಂತೆ. ಬೀದಿಯವರು ಸರದಿಯ ಮೇಲೆ ಕಸ ಎತ್ತಿದರು, ಬೇಲಿ ಕಟ್ಟಿದರು, ಎರಡು ಮುದಿ ಮರಗಳ ಬುಡಕ್ಕೆ ನೀರುಣಿಸಿದರು. ಜಾಗ ಚೆನ್ನಾಯಿತು. ನಡುವಿನ ಒಂದು ಬೋಳು ತುಂಡು ಮಾತ್ರ ಹಾಗೇ ಉಳಿಯಿತು. ಬಿಸಿಲಲ್ಲಿ ಧೂಳು, ಮಳೆಯಲ್ಲಿ ಕೆಸರು.

ಅಲ್ಲಿ ಹುಲ್ಲು ಹಾಸೋಣ ಎಂದರು ಕನ್ನಡಕದ ಅಂಗಡಿಯವರು. ಅವರು ಮೆಲುದನಿಯ ಮನುಷ್ಯ, ಅಕ್ಕನ ಎದುರು ನಿಲ್ಲಲಾಗಲಿಲ್ಲ. "ಹುಲ್ಲು ದನಕ್ಕಾಯ್ತು. ನನ್ನ ತಮ್ಮನ ಕೈಕೆಲಸ ನೋಡಿ, ಆಮೇಲೆ ಮಾತಾಡಿ" ಎಂದು ಅವಳು ಮನೆಮನೆ ಸುತ್ತಿ ಎಲ್ಲರನ್ನೂ ಒಪ್ಪಿಸಿದಳು. ಒಪ್ಪಿಸಿದ್ದಷ್ಟೇ ಅಲ್ಲ, ಪ್ರತಿ ಮನೆಯಿಂದಲೂ ಅಟ್ಟದ ಮೇಲೆ ಮಿಕ್ಕಿದ್ದ ಟೈಲ್ಸ್ ಚೂರುಗಳನ್ನು ಹೊರಿಸಿಕೊಂಡು ಬಂದಳು. ನರ್ಸಮ್ಮನ ಅಡುಗೆಮನೆಯ ಹಸಿರು, ಮೂಲೆಮನೆಯವರ ಬಚ್ಚಲಿನ ನೀಲಿ, ತೀರಿಕೊಂಡ ಅಂಚೆಯಣ್ಣನ ಪಡಸಾಲೆಯ ಕೆಂಪು. ಎಲ್ಲರ ಮನೆಯ ನೆಲವೂ ಸೇರಿ ಒಂದು ನೆಲ. ಮೇಸ್ತ್ರಿಗೆ ನಿದ್ದೆಯಲ್ಲೂ ಅದೇ ಬಣ್ಣ ಕಾಣತೊಡಗಿತು. ಅಕ್ಕ ಭಾನುವಾರಕ್ಕೆ ಉದ್ಘಾಟನೆಯನ್ನೂ ಸಾರಿಬಿಟ್ಟಳು.

ಟ್ಯಾಂಕಿನ ಮಗ್ಗುಲ ಮೂಲೆಯಿಂದ ಅವನು ಕೆಲಸ ಶುರುಮಾಡಿದ. ಮೊದಲು ದಮ್ಮಸು ಹೊಡೆಯಬೇಕು, ಅಂದರೆ ಭಾರದ ಕಬ್ಬಿಣದ ಗುದ್ದುಗೋಲಿನಿಂದ ಮಣ್ಣನ್ನು ಬಡಿದು ಕೂರಿಸಬೇಕು. ಹೊಡೆದ. ಅಭ್ಯಾಸದಂತೆ ಬಗ್ಗಿ ಗೆಣ್ಣಿನಿಂದ ಬಡಿದು ಕಿವಿಗೊಟ್ಟ. ಟೊಳ್ಳು. ಹಲಗೆಯನ್ನೋ ಟೈಲನ್ನೋ ಬಡಿದರೆ ಟೊಳ್ಳು ಬರಬಹುದು, ಬರಿಯ ಮಣ್ಣಿನಲ್ಲಿ ಟೊಳ್ಳೆಂದರೇನು? ಅವನಿಗೆ ಅವಮಾನವಾದಂತಾಯಿತು. ಮತ್ತೆ ಹೊಡೆದ. ಮೈಯ ಬೆವರೆಲ್ಲ ಬಸಿದುಹೋಗುವಂತೆ ಇನ್ನೊಮ್ಮೆ ಹೊಡೆದ. ಕೊನೆಗೆ ಸದ್ದು ಕಲ್ಲಿನ ಹಾಗೆ ಗಟ್ಟಿಯಾಯಿತು. ಈಗ ದಾರಿಗೆ ಬಂದೆ ಎಂದು ಮಣ್ಣಿಗೆ ಗದರಿ, ಉಳಿದ ಕಡೆ ಆಮೇಲೆ ಹೊಡೆದರಾಯಿತೆಂದು ಬರಿಯ ಮರಳು ಹರಡಿ ಸಮ ಮಾಡಿ ಮನೆಗೆ ಹೋದ.

ಬೆಳಿಗ್ಗೆ ಬಂದು ನೋಡಿದರೆ ಮರಳಿನ ತುಂಬ ತೂತುಗಳು. ಒಂದೊಂದು ತೂತಿನ ಸುತ್ತಲೂ ಚಿಟಿಕೆ ಮಣ್ಣಿನ ಗುಡ್ಡೆ. ಸಮ ಮಾಡಿ ನೀರು ಚಿಮುಕಿಸಿದ. ಮಾರನೆಯ ದಿನ ಮತ್ತೆ ಅದೇ. ಅವನ ಪಿತ್ತ ನೆತ್ತಿಗೇರಿತು. ಯಾರೋ ಬೇಕೆಂದೇ ಚುಚ್ಚಿದ್ದಾರೆ, ಅದೂ ಕೊಡೆಯ ತುದಿಯಿಂದ. ಈ ಬೀದಿಯಲ್ಲಿ ಬಿಸಿಲಿಗೂ ಕೊಡೆ ಹಿಡಿದು ತಿರುಗುವವರು ಒಬ್ಬರೇ. ಮೇಸ್ತ್ರಿ ನೇರ ಕನ್ನಡಕದ ಅಂಗಡಿಗೆ ನುಗ್ಗಿದ.

"ಹುಲ್ಲು ಹಾಕ್ಲಿಲ್ಲ ಅಂತ ಹೊಟ್ಟೆಕಿಚ್ಚಿದ್ರೆ ಬಾಯಿಬಿಟ್ಟು ಹೇಳಿ. ಕದ್ದು ಬಂದು ಚುಚ್ಚೋದ್ಯಾಕೆ?"

"ನಾನಾ? ಏನನ್ನ ಚುಚ್ಚಿದೆ?" ಕನ್ನಡಕದವರು ತಮ್ಮ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಅವರ ಮುಖದಲ್ಲಿ ಕಳ್ಳತನದ ಎಳೆಯೂ ಕಾಣಲಿಲ್ಲ. ಮೇಸ್ತ್ರಿ ಗೊಣಗುತ್ತ ವಾಪಸು ಬಂದ. ಕಳ್ಳನನ್ನು ಕೈಯಾರೆ ಹಿಡಿಯದೆ ಬಿಡುವುದಿಲ್ಲ ಎಂದು ಮರದ ನೆರಳಿನಲ್ಲಿ ಕೂತ.

ಬಿಸಿಲೇರಿತು. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಅವನ ಕಾಲಬಳಿಯಲ್ಲೇ ಒಂದು ಮರಳ ಕಣ ಅಲುಗಿತು. ಗಾಳಿ ಇರಲಿಲ್ಲ. ಇನ್ನೊಂದು ಅಲುಗಿತು. ಆಮೇಲೆ ಹತ್ತಾರು ಕಣಗಳು ಒಟ್ಟಿಗೆ ಜಾರಿ, ಆ ಗುಳಿಯೊಳಗಿಂದ ಒಂದು ಪುಟಾಣಿ ಮುಖ ಮೇಲೆ ಬಂತು. ಮೈಯೆಲ್ಲ ನಸುಗಂದು ರೋಮ, ರೋಮದ ತುಂಬ ಧೂಳು. ಅದು ಮುಂಗಾಲುಗಳಿಂದ ಕಣ್ಣುಜ್ಜಿಕೊಂಡಿತು, ಆಗಷ್ಟೇ ಎದ್ದ ಮಗುವಿನ ಹಾಗೆ. ಬೆಳಕನ್ನು ಮೊದಲ ಸಲ ಕಂಡದ್ದಕ್ಕೋ ಏನೋ ಸುಮ್ಮನೆ ಕೂತೇ ಇತ್ತು. ಮೇಸ್ತ್ರಿ ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. ಅದು ರೆಕ್ಕೆ ನಡುಗಿಸಿತು, ಎದ್ದಿತು, ಹೋಯಿತು.

ತಲೆಯೆತ್ತಿ ನೋಡಿದರೆ ನೆಲವೆಲ್ಲ ಏಳುತ್ತಿತ್ತು. ಇಲ್ಲೊಂದು, ಅಲ್ಲೊಂದು, ಕಣ್ಣು ಹಾಯಿಸಿದಲ್ಲೆಲ್ಲ ಒಂದೊಂದು. ಕೆಳಗಿನ ಕತ್ತಲಿನಿಂದ ಪುಟ್ಟ ಪುಟ್ಟ ಜೀವಗಳು ಅವನು ಹರಡಿದ ಮರಳನ್ನು ತಲೆಯಿಂದ ನೂಕಿಕೊಂಡು ಬರುತ್ತಿದ್ದವು. ಬೋಳು ನೆಲದ ಮೇಲೆ ಗೇಣುದ್ದ ಎತ್ತರದಲ್ಲಿ ಗಾಳಿಯೇ ಗುಂಯ್‌ಗುಟ್ಟುತ್ತಿತ್ತು. ಅವನು ಬೋರಲು ಮಲಗಿ ಮಣ್ಣಿಗೆ ಕಿವಿಯಿಟ್ಟ. ಒಳಗಿನಿಂದಲೂ ಅದೇ ದನಿ, ಇನ್ನೂ ಮೆತ್ತಗೆ, ಇನ್ನೂ ಆಳದಲ್ಲಿ. ಇಷ್ಟು ವರ್ಷ ನೆಲವನ್ನು ಬಡಿದು ಬಡಿದು ಕೇಳಿದ್ದ, ನೆಲ ತಾನಾಗಿ ಮಾತಾಡಿದ್ದನ್ನು ಕೇಳಿದ್ದು ಇದೇ ಮೊದಲು.

ಏನಾಗಿದೆಯೆಂದು ನೋಡಲು ಆಗಷ್ಟೇ ಕೊಡೆ ಹಿಡಿದು ಬಂದ ಕನ್ನಡಕದವರು ಅವನ ಪಕ್ಕದಲ್ಲಿ ಮಂಡಿಯೂರಿ ಜೇಬಿನ ಭೂತಗನ್ನಡಿ ತೆಗೆದರು. ಬಹಳ ಹೊತ್ತು ನೋಡಿದರು.

"ಜೇನಿನ ಜಾತಿ" ಎಂದರು ಪಿಸುದನಿಯಲ್ಲಿ. "ಓದಿದ್ದೆ, ಕಂಡಿರ್ಲಿಲ್ಲ. ಇವಕ್ಕೆ ಗೂಡಿಲ್ಲ, ರಾಣಿ ಇಲ್ಲ, ಸುಮ್‌ಸುಮ್ನೆ ಕುಟುಕೋದೂ ಇಲ್ಲ. ಒಂದೊಂದು ತಾಯೀನೂ ತನ್ನ ಪಾಡಿಗೆ ತಾನು ನೆಲ ಕೊರೀತಾಳೆ, ಮಕ್ಕಳಿಗೆ ಬುತ್ತಿ ಕಟ್ಟಿಡ್ತಾಳೆ, ಮೊಟ್ಟೆ ಇಟ್ಟು ಬಾಗಿಲು ಮುಚ್ಚಿ ಹೋಗ್ಬಿಡ್ತಾಳೆ. ಮಕ್ಕಳ ಮುಖಾನೂ ನೋಡಲ್ಲ. ಅವು ವರ್ಷಪೂರ್ತಿ ಕತ್ತಲಲ್ಲಿದ್ದು ಈಗ ಬರ್ತಾ ಇವೆ. ಇವಕ್ಕೆ ಬೋಳು ನೆಲಾನೇ ಬೇಕು ಮೇಸ್ತ್ರಿ. ನನ್ನ ಹುಲ್ಲು ಹಾಸಿದ್ರೂ ಇವುಗಳ ಕಥೆ ಮುಗೀತಿತ್ತು."

ಮೇಸ್ತ್ರಿಯ ಕಣ್ಣು ಟ್ಯಾಂಕಿನ ಮೂಲೆಯತ್ತ ಹೊರಳಿತು. ಅಲ್ಲಿ ಒಂದು ತೂತೂ ಇರಲಿಲ್ಲ, ಒಂದು ಗುಡ್ಡೆಯೂ ಇರಲಿಲ್ಲ. ಕಲ್ಲಿನ ಹಾಗೆ ಗಟ್ಟಿಯಾಗಿ, ಸಪಾಟಾಗಿ, ಅವನು ಬಯಸಿದಂತೆಯೇ ಇತ್ತು. ಟೊಳ್ಳೆಂದು ಅವನು ಮತ್ತೆ ಮತ್ತೆ ಬಡಿದದ್ದು ಅವುಗಳ ಮನೆಗಳ ಸೂರನ್ನು.

ಅಕ್ಕನಿಗೆ ಹೇಗೆ ಹೇಳುವುದು? ಹೇಳುವ ಕಷ್ಟವನ್ನು ಅವಳೇ ತಪ್ಪಿಸಿದಳು. ತಮ್ಮನೇ ಕೈಯಾರೆ ಮರಳು ಬಾಚಿ ತೆಗೆಯುತ್ತಿದ್ದಾನೆಂಬ ಸುದ್ದಿ ತಲುಪಿ ದಾಪುಗಾಲು ಹಾಕಿಕೊಂಡು ಬಂದಳು.

"ಏನೋ ಇದು? ಹಾಕಿದ ಮರಳನ್ನೇ ತೆಗೀತಿದೀಯಾ?"

"ಅಕ್ಕ, ಇಲ್ಲಿ ನೆಲ ಹಾಸೋಕಾಗಲ್ಲ."

"ಆಗಲ್ಲ ಅಂದ್ರೆ? ಮನೆಮನೆ ಬಾಗಿಲು ತಟ್ಟಿದೀನಿ. ನನ್ನ ತಮ್ಮ ಅಂತ ಎದೆ ತಟ್ಕೊಂಡು ಹೇಳಿದೀನಿ. ಭಾನುವಾರ ನಾನು ಮುಖ ಎಲ್ಲಿ ಇಟ್ಕೊಳ್ಲಿ?"

ಚಿಕ್ಕಂದಿನಿಂದ ಅವನ ಬೆನ್ನಿಗೆ ನಿಂತವಳು ಅವಳೊಬ್ಬಳೇ. ಅವಳ ಮಾತು ಬಿದ್ದುಹೋಗುವಂತೆ ಅವನು ಎಂದೂ ನಡೆದಿರಲಿಲ್ಲ. ಅವನು ಅವಳ ಕೈ ಹಿಡಿದು ಮೆಲ್ಲಗೆ ಕೆಳಗೆಳೆದು, ಅಂಗೈಯನ್ನು ಮಣ್ಣಿನ ಮೇಲೆ ಇಡಿಸಿದ.

"ಏನು ಹುಡುಗಾಟ ಇದು" ಎಂದು ಶುರುಮಾಡಿದ ಅಕ್ಕ ಅರ್ಧಕ್ಕೇ ನಿಂತಳು. ಅವಳ ಅಂಗೈಯ ನಡುವೆ ಕೆಳಗಿನಿಂದ ಏನೋ ನೂಕುತ್ತಿತ್ತು. ಹೆದರಿ ಕೈ ತೆಗೆಯಲಿಲ್ಲ ಅವಳು, ತುಸುವೇ ಮೇಲೆತ್ತಿದಳು. ಅವಳ ಬೆರಳುಗಳ ನೆರಳಿನಲ್ಲಿ ಆ ಜೀವ ಹೊರಬಂದು ಕಣ್ಣುಜ್ಜಿಕೊಂಡಿತು. ಬಸ್ಸಿನ ಗದ್ದಲವನ್ನೆಲ್ಲ ಒಂದೇ ಗದರಿಕೆಗೆ ಅಡಗಿಸಿದ್ದ ಅಕ್ಕನ ಬಾಯಿ ಕಟ್ಟಿತು. ಕಣ್ಣು ತುಂಬಿತು. ಅದು ಹಾರಿಹೋದ ಮೇಲೂ ಅಂಗೈಯನ್ನು ಹಾಗೇ ಹಿಡಿದಿದ್ದಳು.

ಆಮೇಲೆ ಎದ್ದು, ತನ್ನ ಹಳೆಯ ದನಿಯಲ್ಲೇ ಬೀದಿಯನ್ನು ಕರೆದಳು. "ಎಲ್ರೂ ಬನ್ನಿ! ಚಮಚ ತನ್ನಿ, ಚಪ್ಪಲಿ ಬಿಟ್ಟು ಬನ್ನಿ!"

ಯಾಕೆ ಏನು ಎಂದು ತಿಳಿಯದೆಯೇ ಜನ ಬಂದರು. ಬಂದವರು ನೋಡಿದರು, ನೋಡಿದವರು ಚಪ್ಪಲಿ ಬಿಟ್ಟರು. ಇಡೀ ಮಧ್ಯಾಹ್ನ ಬೀದಿಗೆ ಬೀದಿಯೇ ಕುಕ್ಕರುಗಾಲಲ್ಲಿ ಕೂತು ಚಮಚ, ಸೌಟು, ಜರಡಿ ಹಿಡಿದು ಮರಳು ತೆಗೆಯಿತು. ಟ್ಯಾಂಕಿನ ಮೂಲೆಯಲ್ಲಿ ಮೇಸ್ತ್ರಿಯೂ ನರ್ಸಮ್ಮನೂ ಕೂತರು. ಅವನು ಗಾರೆ ಬಳಿಯುವ ಕರಣೆಯ ತುದಿಯಿಂದ ಮಣ್ಣು ಸಡಿಲಿಸುತ್ತಿದ್ದ. ಗಾಯದ ಮೇಲಿನ ಹತ್ತಿ ಬಿಡಿಸುವಷ್ಟು ನಾಜೂಕಾಗಿ ಅವಳು ಅದನ್ನು ಎತ್ತಿಡುತ್ತಿದ್ದಳು. ಸಿಕ್ಕಿದ್ದೆಲ್ಲ ಜಜ್ಜಿಹೋದ ರೆಕ್ಕೆಗಳೇ. "ಸಾಕು ಮೇಸ್ತ್ರಿ, ಇನ್ನು ಬಿಡಿ" ಎಂದು ಅವಳೇ ಅವನ ಕೈಯಿಂದ ಕರಣೆ ತೆಗೆದುಕೊಂಡಳು. ಅಷ್ಟು ಜನರ ಮುಂದೆ ಅವನು ಬಿಕ್ಕಿ ಬಿಕ್ಕಿ ಅತ್ತ.

ಆ ಭಾನುವಾರ ಉದ್ಘಾಟನೆಯಾಗಲಿಲ್ಲ. ತಿಂಗಳುಗಳ ನಂತರ, ನೆಲ ಮತ್ತೆ ನಿಶ್ಶಬ್ದವಾದ ಮೇಲೆ, ಮೇಸ್ತ್ರಿ ಬೋಳು ತುಂಡನ್ನು ಮುಟ್ಟದೆ ಅದರ ಸುತ್ತ ಕೂರಲು ಒಂದು ಕಟ್ಟೆ ಕಟ್ಟಿ ಅದಕ್ಕೆ ಎಲ್ಲರ ಚೂರುಗಳನ್ನೂ ಮೆತ್ತಿದ. ಚೆನ್ನಾಗಿದೆ ಎಂದು ಜನ ಹೇಳಿದರು. ಅವನ ಕಿವಿಗೆ ಅದು ಹೋಗಲಿಲ್ಲ. ಅವನ ತಲೆಯಲ್ಲಿ ಕೊರೆಯುತ್ತಿದ್ದದ್ದು ಒಂದೇ, ಆ ಮೂಲೆಗೆ ಇನ್ನು ಯಾವ ಜೀವವಾದರೂ ಬರುತ್ತದೆಯೇ?

ಮರುವರ್ಷ ಅದೇ ಬಿಸಿಲು ಬಂತು. ನೆಲದ ಉಳಿದ ಭಾಗ ಹೋದ ವರ್ಷದಂತೆಯೇ ಎದ್ದಿತು. ಟ್ಯಾಂಕಿನ ಮೂಲೆ ಮಾತ್ರ ಮಲಗಿಯೇ ಇತ್ತು. ಮೇಸ್ತ್ರಿ ದಿನವೂ ಅದರೆದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ. ಬೀದಿಯವರೂ ಒಂದೊಂದು ನೆಪ ಹೇಳಿಕೊಂಡು ಅದೇ ಹೊತ್ತಿಗೆ ಹಾಜರಾಗುತ್ತಿದ್ದರು. ಸೊಪ್ಪು ಬಿಡಿಸಲು ಮನೆಯಲ್ಲಿ ಬೆಳಕು ಸಾಲದು ಎಂದು ನರ್ಸಮ್ಮ, ಅಂಗಡಿಯಲ್ಲಿ ಸೆಕೆ ಎಂದು ಕನ್ನಡಕದವರು. ಯಾವ ನೆಪವೂ ಹೇಳದೆ ಬರುತ್ತಿದ್ದವಳು ಅಕ್ಕ ಒಬ್ಬಳೇ.

ಒಂದು ದಿನ ಆ ಮೂಲೆಯ ಸಡಿಲ ಮಣ್ಣಿನಲ್ಲಿ ಹೊಸದೊಂದು ಗುಡ್ಡೆ ಕಂಡಿತು. ಎಲ್ಲರೂ ಕಟ್ಟೆ ಬಿಟ್ಟು ಹತ್ತಿರ ಬಂದರು. ಒಳಗಿನಿಂದ ಹುಟ್ಟಿಬಂದದ್ದಲ್ಲ ಅದು. ಬೇರೆ ಕಡೆ ಹುಟ್ಟಿದ ಒಂದು ತಾಯಿ ಇಲ್ಲಿ ಬಂದು ಮನೆ ಕೊರೆದಿದ್ದಳು. ಹಿಂಗಾಲಿನಿಂದ ಮಣ್ಣು ಒದೆಯುತ್ತ ಹೊರಬಂದು, ರೆಕ್ಕೆ ಬಿಚ್ಚಿ ಮೇಲೆದ್ದಳು. ಎದ್ದವಳು ಹಾರಿಹೋಗಲಿಲ್ಲ. ತೂತಿನ ಕಡೆಗೇ ಮುಖ ಮಾಡಿಕೊಂಡು ಅತ್ತಿಂದಿತ್ತ, ಇತ್ತಿಂದತ್ತ ತೂಗಿದಳು. ಮೇಸ್ತ್ರಿಯ ಮೂಗಿನ ಮುಂದೆ ನಿಂತಳು, ಅವನ ಮಂಡಿಯ ಸುತ್ತ ಬಳಸಿದಳು, ಆಮೇಲೆ ಆಕಾಶಕ್ಕೆ ಹೋದಳು.

"ಏನು ಮಾಡ್ತು ಅದು?" ಎಂದಳು ಅಕ್ಕ.

"ಗುರುತು ಹಾಕ್ಕೊಳ್ತು" ಎಂದರು ಕನ್ನಡಕದವರು. "ವಾಪಸ್ ಬರೋವಾಗ ಮನೆ ಸಿಗ್ಬೇಕಲ್ಲ. ಸುತ್ತ ಏನೇನಿದೆ ಎಲ್ಲಾ ನೋಡ್ಕೊಂಡು ಹೋಗುತ್ತೆ. ಕಲ್ಲು, ಬೇರು, ಕಡ್ಡಿ..." ಅವರು ಮೇಸ್ತ್ರಿಯನ್ನು ನೋಡಿದರು. "ನಿಮ್ಮನ್ನೂ."

ಬೀದಿಯವರೆಲ್ಲ ಬೆಕ್ಕಿನ ಹೆಜ್ಜೆಯಿಟ್ಟು ಹಿಂದೆ ಸರಿದರು. ಮೇಸ್ತ್ರಿ ಮಾತ್ರ ಕದಲಲಿಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು. ಮಂಡಿಗಳು ಮೊದಲು ನೊಂದು ಆಮೇಲೆ ಮರಗಟ್ಟಿದವು.

"ಏಳೋ, ಸಾಕು. ಕಾಲು ಏನಾಗ್ಬೇಕು?" ಎಂದಳು ಅಕ್ಕ, ಅವಳ ಪಾಲಿಗೆ ಅದು ಪಿಸುದನಿ.

"ಅದು ನನ್ನನ್ನ ನೋಡಿ ಹೋಗಿದೆ ಅಕ್ಕ. ನಾನಿಲ್ದೇ ದಾರಿ ತಪ್ಪಿದ್ರೆ?"

ಅಕ್ಕ ಕನ್ನಡಕದವರ ಕೊಡೆಗೆ ಕೈ ಚಾಚಿದಳು, ಗುರುತು ಕೆಡುತ್ತದೆ ಎನ್ನುವಂತಿದ್ದ ತಮ್ಮನ ಕಣ್ಣು ನೋಡಿ ಅದನ್ನೂ ಕೈಬಿಟ್ಟಳು. ಯಾರೂ ಮನೆಗೆ ಹೋಗಲಿಲ್ಲ.

ಆ ತಾಯಿಜೇನು ವಾಪಸು ಬಂದದ್ದು ಮರದ ನೆರಳು ಇತ್ತ ತಿರುಗುವ ಹೊತ್ತಿಗೆ. ಹಿಂಗಾಲುಗಳ ತುಂಬ ಹಳದಿ ಹೂಪುಡಿ ಮೆತ್ತಿಕೊಂಡಿತ್ತು. ಎಲ್ಲಿಯೂ ತಡವರಿಸದೆ ಮೇಸ್ತ್ರಿಯ ಮಂಡಿಯನ್ನು ಬಳಸಿ, ನೇರವಾಗಿ ಇಳಿದು, ತನ್ನ ಬಾಗಿಲೊಳಗೆ ಹೊಕ್ಕಳು. ಮೇಸ್ತ್ರಿ ಬಹಳ ಹೊತ್ತು ಆ ತೂತನ್ನೇ ನೋಡುತ್ತಿದ್ದ. ಆಮೇಲೆ ಎರಡೂ ಕೈಗಳನ್ನು ಅಕ್ಕನ ಕಡೆ ಚಾಚಿ, "ಈಗ ಎಬ್ಬಿಸು" ಎಂದ.