ಒಳಬದಿ ಸವೆದ ಟೈರು

ಟ್ರೇಯಿಂದ ಒಂದು ಬನ್ನು ಉರುಳಿ ಕಾರಿನಡಿ ಸೇರಿತು. ತೆಗೆಯಲು ಬಗ್ಗಿದ ಬೇಕರಿಯವನ ಕಣ್ಣಿಗೆ ಎಡಗಡೆ ಮುಂದಿನ ಟೈರಿನ ಒಳಬದಿ ಬಿತ್ತು. ಹೊರಬದಿಯ ಗೆರೆಗಳು ಚೆನ್ನಾಗಿದ್ದವು. ಒಳಬದಿ ಮಾತ್ರ ಬೋಳಾಗಿ ತಂತಿ ಇಣುಕುತ್ತಿತ್ತು.

“ನಿನ್ನ ತಮ್ಮ ಕಾರು ಒಯ್ದಾಗಲೆಲ್ಲ ತೊಳೆದು ತಂದುಕೊಡ್ತಾನಲ್ಲ, ಯಾಕೆ ಅಂತ ಈಗ ಗೊತ್ತಾಯ್ತು,” ಎಂದ ಹೆಂಡತಿಗೆ. “ನನ್ನ ಟೈರು ಬಿಚ್ಚಿಕೊಂಡು ಹಳೇದು ಹಾಕಿದಾನೆ.”

“ತೊಳೆದು ಕೊಟ್ಟಿದ್ದೂ ತಪ್ಪಾ?”

“ಅಷ್ಟು ಒಳ್ಳೆಯವನಾಗೋಕೆ ಏನೋ ಕಾರಣ ಇರಬೇಕು.”

ಮರುದಿನ ಆ ಭಾಮೈದ ತಾಯಿಯನ್ನು ಇದೇ ಕಾರಿನಲ್ಲಿ ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಬೇಕರಿಯವನು ಕೀಲಿಯನ್ನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟ. ಹೆಂಡತಿ ಮುಖ ಊದಿಸಿಕೊಂಡು ಹೋಗಿ ಪಕ್ಕದ ಮನೆಯ ಟ್ಯಾಕ್ಸಿ ಅಕ್ಕನನ್ನು ಕರೆತಂದಳು. ಟ್ಯಾಕ್ಸಿ ಓಡಿಸಿಯೇ ಸಂಸಾರ ನಡೆಸಿದವಳು ಅವಳು. ಹೆಂಡತಿಯ ಕಡೆಯ ಸಾಕ್ಷಿ ಬಂತು ಎಂದುಕೊಂಡ ಬೇಕರಿಯವನು.

ಅಕ್ಕ ಅವನಿಂದಲೇ ಕೀಲಿ ತೆಗೆಸಿಕೊಂಡು ಸ್ಟೇರಿಂಗ್ ಪೂರ್ತಿ ತಿರುಗಿಸಿ, ಟೈರಿನ ಮೇಲೆ ಅಂಗೈ ಆಡಿಸಿದಳು.

“ತಮ್ಮಾ, ಹೋದ ವರ್ಷ ನಿನ್ನ ಕಾರು ಪಂಕ್ಚರ್ ಆಗಿತ್ತಲ್ಲ, ಅದು ಯಾವ ಟೈರು?”

“ಇದೇ. ಮೊಳೆ ಚುಚ್ಚಿತ್ತು.”

“ಇಗೋ, ಆ ತೂತು ಮುಚ್ಚಿದ ಗುರುತು. ಟೈರು ನಿನ್ನದೇ. ಕಳ್ಳ ಬೇರೆ.”

“ಯಾರು?”

“ಆ ಕಲ್ಲು ನೋಡು.”

ಓಣಿ ಕಿರಿದು. ನೀರಿನ ಟ್ಯಾಂಕರಿಗೆ ದಾರಿ ಬಿಡಲು ಎಲ್ಲರೂ ಎಡಚಕ್ರಗಳನ್ನು ಚರಂಡಿಯ ಕಲ್ಲಿನ ಮೇಲೆ ಹತ್ತಿಸಿ ನಿಲ್ಲಿಸುತ್ತಿದ್ದರು.

“ಎಲ್ಲರೂ ಹತ್ತಿಸ್ತಾರಲ್ಲ ಅಕ್ಕ.”

“ಅವರು ಮೆಲ್ಲಗೆ ಹತ್ತಿಸ್ತಾರೆ. ನೀನು ಒಲೆ ಮೇಲೆ ಹಾಲಿಟ್ಟು ಬಂದವನ ಹಾಗೆ ದಢಕ್ಕಂತ ಹತ್ತಿಸ್ತೀಯ. ನಮ್ಮನೆ ಕಿಟಕಿ ನಡುಗುತ್ತೆ. ದಿನಾ ಗುದ್ದಿದ್ರೆ ಚಕ್ರ ಹಿಡಿದಿರೋ ರಾಡು ಬಾಗುತ್ತೆ, ಚಕ್ರ ಓರೆಯಾಗುತ್ತೆ, ಒಂದೇ ಬದಿ ಸವೆಯುತ್ತೆ. ನೆಟ್ಟಗೆ ಹೋಗೋಕೆ ಸ್ಟೇರಿಂಗ್ ಓರೆ ಹಿಡೀಬೇಕಲ್ವಾ?”

ಬೇಕರಿಯವನು ಎಷ್ಟೋ ದಿನದಿಂದ ಹಾಗೇ ಹಿಡಿಯುತ್ತಿದ್ದ, ರಸ್ತೆಯೇ ಸರಿಯಿಲ್ಲ ಎಂದು ಬೈಯುತ್ತಿದ್ದ.

ಆದರೂ ಅನುಮಾನ ಬಿಡಬೇಕಲ್ಲ. ಸ್ಟೆಪ್ನಿ ಹಾಕಿಕೊಂಡು ಗ್ಯಾರೇಜಿಗೆ ಹೋಗಿ, ಮೆಕ್ಯಾನಿಕ್ಕಿನ ಬೆನ್ನಿಗೇ ಅಂಟಿ ನಿಂತ. ಮೆಕ್ಯಾನಿಕ್ ಮಾತಾಡದೆ ರಾಡು ಬಿಚ್ಚಿ ನೆಲದ ಮೇಲೆ ಉರುಳಿಸಿದ. ಅದು ಕುಂಟುತ್ತ ಉರುಳಿತು. ಹೊಸ ರಾಡು, ಹೊಸ ಟೈರು ಹಾಕಿ, ಚಕ್ರಗಳ ಓರೆ ತಿದ್ದುವ ಅಲೈನ್‌ಮೆಂಟ್ ಮಾಡಿಸಿದ್ದಾಯಿತು.

ಬೆಳಿಗ್ಗೆ ಭಾಮೈದ ಬಂದ. “ಕೀಲಿಗೆ ಯಾಕೆ ಹಿಟ್ಟು ಮೆತ್ತಿದೆ ಭಾವ?”

“ಕೇಳಬೇಡ. ಅಮ್ಮನ್ನ ಜೋಪಾನವಾಗಿ ಕರ್ಕೊಂಡು ಹೋಗು. ಕಲ್ಲು ಹತ್ತಿಸಬೇಡ.”

“ಹತ್ತಿಸೋದು ನೀವು, ಭಾವ.”

ಬಾಗಿಲಲ್ಲಿದ್ದ ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಟೈರು ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುವೆ ಸವೆದಿದ್ದರೆ ಗಾಳಿ ಹೆಚ್ಚು. ಒಂದೇ ಬದಿ ಸವೆದಿದ್ದರೆ ಚಕ್ರ ಓರೆಯಾಗಿರಬಹುದು. ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರನ್ನೂ ಚಕ್ರದ ಬ್ಯಾಲೆನ್ಸನ್ನೂ ನೋಡಿಸಿ. ತಂತಿ ಕಂಡ ಟೈರಿರುವ ಕಾರಿನಲ್ಲಿ ಮಾತ್ರ ಯಾರನ್ನೂ ಕೂರಿಸಬೇಡಿ. ಮನೆಯವರನ್ನು ಅನುಮಾನಿಸುವ ಮೊದಲು ನಿಂತ ಕಾರಿನ ಸ್ಟೇರಿಂಗ್ ತಿರುಗಿಸಿ, ಒಮ್ಮೆ ಬಗ್ಗಿ, ಒಳಬದಿ ನೋಡಿ.