ಜಾಸ್ತಿ ಕಾಸಿದ ಹಲಗೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವ್ವ ಹೇಳುತ್ತಾಳೆ. ಆ ಭಾನುವಾರ ಅದು ಮೂಗನ್ನೂ ದಾಟಿ ಹೋಗಿತ್ತು.

ವಾರವೆಲ್ಲ ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ನಾನು, ಬಿಡುವಿನಲ್ಲಿ ಒಂದು ಗೇಮ್ ಎಂಜಿನ್‌ಗಾಗಿ ದುಡಿಯುತ್ತೇನೆ. ಆಟ ಕಟ್ಟುವವರು ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ, ಬಿಚ್ಚಿ ನೋಡಿ ರಿಪೇರಿಯನ್ನೂ ಮಾಡಬಹುದಾದ ತಂತ್ರಾಂಶ ಅದು. ಅದನ್ನು ಹಳೆಯ, ಅಗ್ಗದ ಟ್ಯಾಬ್‌ಗಳಲ್ಲೂ ಓಡುವಂತೆ ಮಾಡುವುದು ನನ್ನ ಪಾಲಿನ ಕೆಲಸ. ಪರೀಕ್ಷೆಗೆಂದು, ಎಂಜಿನ್ ಜೊತೆಗೇ ಮಾದರಿಯಾಗಿ ಎಲ್ಲರಿಗೂ ಹೋಗುವಂತೆ, ಗೊಂಬೆ ಕುಣಿಯುವ ಒಂದು ಆಟ ಕಟ್ಟಿದ್ದೆ. ಅದರಲ್ಲಿರುವ ಹಲಗೆ ವಾದ್ಯದ ಸದ್ದು ನಮ್ಮ ಅಪ್ಪ ಬಾರಿಸಿದ್ದು, ನಾನೇ ರೆಕಾರ್ಡ್ ಮಾಡಿಕೊಂಡದ್ದು. ಚೌಡಣ್ಣನ ಹಲಗೆ ಎಂದರೆ ಕೊಟ್ಟೂರಿನ ಸುತ್ತ ಹತ್ತೂರಿಗೆ ಗೊತ್ತು.

ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಿತ್ತು. ಟ್ಯಾಬಿನಲ್ಲಿ ಮಾತ್ರ ಹಲಗೆ ನಿಂತ ಮೇಲೂ ಗೊಂಬೆ ಕುಣಿಯುತ್ತಲೇ ಇತ್ತು. ‘ಸಂಜೆ ಐದರೊಳಗೆ ಸರಿಯಾಗದಿದ್ದರೆ ಟ್ಯಾಬಿನ ಆವೃತ್ತಿಯನ್ನು ಸದ್ದು ತೆಗೆದುಹಾಕಿ ಬಿಡುಗಡೆ ಮಾಡುತ್ತೇವೆ’ ಎಂದು ತಂಡದ ಹಿರಿಯರು ಬರೆದಿದ್ದರು. ಮೂರು ತಿಂಗಳ ದುಡಿಮೆ, ಅದರಲ್ಲೂ ಅಪ್ಪನ ಹಲಗೆ, ಮೂಕವಾಗಬೇಕೇ? ನನಗೆ ಅಳುವೇ ಬಂದಿತ್ತು. ಚಿತ್ರ ನಿಧಾನವಾಗಿದೆ ಎಂದುಕೊಂಡು ವಾರದಿಂದ ಚಿತ್ರವನ್ನೇ ತಿದ್ದುತ್ತಿದ್ದೆ.

ಮಧ್ಯಾಹ್ನ ರೊಟ್ಟಿ ತಿನ್ನುತ್ತಿದ್ದ ಅಪ್ಪ ಟ್ಯಾಬಿನ ಕಡೆ ಕಿವಿಗೊಟ್ಟ.

“ಯಾರದವ್ವ ಈ ಹಲಗಿ?”

“ನಿಂದ.”

“ನಂದಲ್ಲ. ಇದನ್ನ ಜಾಸ್ತಿ ಕಾಸ್ಯಾರ.”

“ಯಪ್ಪಾ, ಟ್ಯಾಬಿನ್ಯಾಗ ಬೆಂಕಿ ಎಲ್ಲೈತಿ? ಇದು ನಿನಗ ತಿಳಿಯೋದಲ್ಲ, ಸುಮ್ನ ಉಣ್ಣು.”

ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡೆ. ಅಪ್ಪ ಎದ್ದ. ಕೈ ತೊಳೆದು, ಗೂಟದಲ್ಲಿದ್ದ ಹಲಗೆ ಇಳಿಸಿಕೊಂಡು ಹಿತ್ತಲಿಗೆ ಹೋಗಿ, ಜೋಳದ ಒಣಗಿದ ಎಲೆ, ಅಂದರೆ ರವದಿಗೆ ಬೆಂಕಿ ಹಚ್ಚಿದ. ಕಾದಷ್ಟೂ ಚರ್ಮ ಬಿಗಿಯುತ್ತದೆ, ದನಿ ಏರುತ್ತದೆ. ಇದು ನಮ್ಮ ಮನೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು.

“ಬಾರವ್ವ ನಾಗರತ್ನ. ನೀ ಹಿಡಕೊಂಡಿಯಲ್ಲ, ಅವತ್ತು ನಾ ಕಾಸಿದ್ದು ಇಷ್ಟ.” ಬಡಿದ. ಲ್ಯಾಪ್‌ಟಾಪಿನಲ್ಲಿ ಕೇಳುವ ದನಿಯೇ ಅದು. ಮತ್ತೆ ಬೆಂಕಿಗೆ ಹಿಡಿದು ತಿರುಗಿಸಿದ, ಬಡಿದ. “ಇದು ನಿನ್ನ ಟ್ಯಾಬಿಂದು.”

ಎರಡೂ ದನಿ ಕಿವಿಗೆ ಬಿದ್ದದ್ದೇ ತಡ, ಹಣೆ ಚಚ್ಚಿಕೊಂಡೆ. ಚಿತ್ರ ನಿಧಾನವಲ್ಲ, ಸದ್ದೇ ಓಡುತ್ತಿದೆ! ಓಡಿದ್ದಕ್ಕೇ ದನಿ ಏರಿದೆ. ಸೆಕೆಂಡಿಗೆ ನಲವತ್ತನಾಲ್ಕು ಸಾವಿರದ ನೂರು ತುಣುಕಿನಂತೆ ಹಿಡಿದ ಸದ್ದನ್ನು ಟ್ಯಾಬ್ ನಲವತ್ತೆಂಟು ಸಾವಿರದಂತೆ ಗಬಗಬ ನುಂಗುತ್ತಿತ್ತು. ಅದಕ್ಕೆ ಹಾಗೆ ನುಂಗಲು ಹೇಳಿದ ಕೋಡಿನ ಸಾಲು ಬರೆದವಳು ನಾನೇ. ಬೈಯಲು ಬೇರೆ ಯಾರೂ ಸಿಗದೆ ನನ್ನನ್ನೇ ಬೈದುಕೊಂಡು ಕೂತು ತಿದ್ದಿದೆ. ಕಳಿಸಿದಾಗ ನಾಲ್ಕೂ ಮುಕ್ಕಾಲು. ಹತ್ತು ನಿಮಿಷಕ್ಕೆ ಉತ್ತರ ಬಂತು: ‘ಒಪ್ಪಿದೆವು. ಸದ್ದಿನ ಸಮೇತ ಬಿಡುಗಡೆ ಮಾಡಿದ್ದೇವೆ.’

ದೋಷ ಪತ್ತೆ ಹಚ್ಚಿದವರ ಹೆಸರಿನ ಜಾಗದಲ್ಲಿ ‘ಚೌಡಣ್ಣ, ಹಲಗೆ ವಾದಕ, ಕೊಟ್ಟೂರು’ ಎಂದು ಬರೆದಿದ್ದೆ. ಅದನ್ನು ಅಪ್ಪನಿಗೆ ಓದಿ ಹೇಳಿ, “ತಪ್ಪಾತು ಯಪ್ಪಾ” ಎಂದೆ. ಅವನು ಟ್ಯಾಬನ್ನು ಕಿವಿಗೆ ಹಿಡಿದು ಕೂತಿದ್ದ. ಗೊಂಬೆಯೂ ಹಲಗೆಯೂ ಒಟ್ಟಿಗೇ ನಿಂತವು.

“ಹಾಂ, ಈಗ ನಂದು,” ಎಂದ. ಆಮೇಲೆ ಮುಖ ಹುಳ್ಳಗೆ ಮಾಡಿದ. “ಅವತ್ತು ಅವಸರದಾಗ ಕಾಸಿದ್ದು ಒಂಚೂರು ಕಮ್ಮಿನ ಆಗೇತಲ್ಲ. ಇದು ಎಲ್ಲಾ ಕಡಿ ಹೋಗಿಬಿಡ್ತೇನು?”

“ಹೋತು.”

“ಮ್ಯಾಲ ನನ್ನ ಹೆಸರು ಬ್ಯಾರೆ ಬರ್ದೀಯಲ್ಲ, ಹುಚ್ಚವ್ವ! ಇನ್ನೊಮ್ಮೆ ಹಿಡಕೋ ಬಾ,” ಎಂದವನೇ ಉಳಿದ ರವದಿಯನ್ನು ಬಾಚಿಕೊಂಡು ಮತ್ತೆ ಹಿತ್ತಲಿಗೆ ನಡೆದ.